ಪೇಪರ್ ಸಿಗಲಿಲ್ಲ ಅಂತ ಬಿಡಬೇಡ ಕೂಸೇ

ಬದಿಯಡ್ಕ

ಪ್ರೀತಿಯ ಕೂಸಿಗೆ,

ಅತ್ತೆಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಎರಡು ದಿನ ಬಿಟ್ಟಿತ್ತು. ಆ ಸಂದಿನಲ್ಲೇ ನಿನ್ನ ಅಪ್ಪ ಅಡಿಕೆಗೆ ಎರಡನೇ ಮದ್ದು ಬಿಡಿಸಿದ. ಮೈಲುತುತ್ತು, ಸುಣ್ಣ ಕಲಸಿದ ಡ್ರಮ್ಮು ಇನ್ನೂ ಅಂಗಳದಲ್ಲೇ ಇದೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಅಡಿಕೆಯ ಕೊಳೆರೋಗದ ಥೀಸಿಸ್‌ಗೆ ಬೇಕಾದ ಸಂಶೋಧನಾ ಪೇಪರ್ ಪೂರ್ತಿ ಓಪನ್ ಆಗುವುದಿಲ್ಲ, ಮೊದಲಿಗೆ ಕೊಡುವ ಸಾರಾಂಶ, ಆ ಅಬ್‌ಸ್ಟ್ರಾಕ್ಟ್ ನೋಡಿಯೇ ಬರೆದುಬಿಡುತ್ತೇನೆ ಅಂದೆ. ಆ ಕೆಲಸ ಮಾತ್ರ ಮಾಡಬೇಡ. ಮೂವತ್ತು ವರ್ಷ ಕಾಲೇಜು ಲೈಬ್ರರಿಯ ಕೌಂಟರಿನಲ್ಲಿ ಕೂತವಳು ನಾನು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಯಾವುದೋ ಒಂದು ಮದ್ದಿನಿಂದ ಕಾಯಿ ಕೊಳೆತು ಉದುರುವ ಈ ಕೊಳೆರೋಗ ಕಡಿಮೆಯಾಯಿತು ಅಂತ ಅಬ್‌ಸ್ಟ್ರಾಕ್ಟಿನಲ್ಲಿ ಇರುತ್ತದೆ ಅಂತ ಇಟ್ಟುಕೋ. ಅದನ್ನು ಅಪ್ಪನಿಗೆ ಓದಿ ಹೇಳು. "ಎಷ್ಟು ಮರಕ್ಕೆ ಬಿಟ್ಟು ನೋಡಿದ್ದಾರೆ? ಆ ವರ್ಷ ಮಳೆ ಹೇಗಿತ್ತು? ಬಿಡದ ಮರದಲ್ಲಿ ಎಷ್ಟು ಕಾಯಿ ಉದುರಿತು?" ಅಂತ ಅವನು ತಕ್ಷಣ ಕೇಳುತ್ತಾನೆ. ಅಷ್ಟಕ್ಕೂ ಉತ್ತರ ಇರುವುದು ಒಳಗಿನ ಪುಟಗಳಲ್ಲಿ, ಕೋಷ್ಟಕಗಳಲ್ಲಿ. ಅದನ್ನು ನೋಡದೆ ಆ ಪೇಪರಿನ ಹೆಸರು ನಿನ್ನ ಥೀಸಿಸ್‌ನಲ್ಲಿ ಹಾಕಿದರೆ, ಓದಿದ್ದೇನೆ ಅಂತ ಸುಳ್ಳು ಹೇಳಿದ ಹಾಗೆಯೇ ಅಲ್ವಾ?

ಪ್ರಕಾಶಕರ ಪುಟ ಮೂವತ್ತು, ನಲವತ್ತು ಡಾಲರ್ ಕೇಳುತ್ತದೆ ಅಂದೆಯಲ್ಲ, ಆ ದುಡ್ಡು ಕೊಡಬೇಡ. ನೀನು ಯಾರು ಅಂತ ಗೊತ್ತಾಗದೆ ಅದು ಹಾಗೆ ಕೇಳುವುದು. ಸಾಮಾನ್ಯವಾಗಿ ಪ್ರಕಾಶಕರು ಗುರುತು ಹಿಡಿಯುವುದು ಕ್ಯಾಂಪಸ್ಸಿನ ಇಂಟರ್ನೆಟ್ಟಿನ ಐಪಿ ವಿಳಾಸವನ್ನು. ನಿಮ್ಮ ವಿಶ್ವವಿದ್ಯಾಲಯ ಇರುವ ಪೆರಿಯದಲ್ಲಿ ಕೂತು ಕ್ಯಾಂಪಸ್ ವೈಫೈಯಲ್ಲಿ ತೆರೆದ ಪೇಪರು ಇಲ್ಲಿ ಮನೆಯ ಮೊಬೈಲ್ ಡೇಟಾದಲ್ಲಿ ತೆರೆಯುವುದಿಲ್ಲ. ಮನೆಯಿಂದ ನೋಡಲಿಕ್ಕೆ ಬೇರೆ ಲಾಗಿನ್ ಬೇಕು. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ ಸಂಸ್ಥೆಯವರ ಇನ್‌ಫೆಡ್ ಅಂತ ಒಂದು ಲಾಗಿನ್ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವುದು ನಡೆಯುತ್ತದೆ ಅಂತ ಲೈಬ್ರರಿಯಲ್ಲಿ ಕೇಳಿ ಐಡಿ ಮಾಡಿಸಿಕೋ. ಆಮೇಲೆ ಪ್ರಕಾಶಕರ ಪುಟದಲ್ಲಿ 'ಆಕ್ಸೆಸ್ ಥ್ರೂ ಯುವರ್ ಇನ್‌ಸ್ಟಿಟ್ಯೂಷನ್' ಅಂತ ಇರುವಲ್ಲಿ ಒತ್ತಿ ನಿಮ್ಮ ವಿಶ್ವವಿದ್ಯಾಲಯದ ಹೆಸರು ಆರಿಸಬೇಕು. ಇನ್ನೊಂದು ಸಂಗತಿ. 2025ರ ಜನವರಿ 1ರಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟುತ್ತದೆ. ಕೇಂದ್ರ, ರಾಜ್ಯ ಸರ್ಕಾರಗಳ ವಿಶ್ವವಿದ್ಯಾಲಯದ ಮಕ್ಕಳಿಗೆ ಅಂತಲೇ ಮಾಡಿದ್ದು ಅದು. ನಿನಗಾಗಿ ಕಟ್ಟಿದ ದುಡ್ಡನ್ನು ನೀನು ಇನ್ನೊಮ್ಮೆ ಯಾಕೆ ಕಟ್ಟಬೇಕು?

ಹುಡುಕುವಾಗ ಪೇಪರಿನ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ನೋಡು. ಬಲಗಡೆ ಪಿಡಿಎಫ್ ಅಂತ ಬಂದರೆ ಕೆಲಸ ಆಯಿತು. ಬಾರದಿದ್ದರೆ ಕೆಳಗೆ ಚಿಕ್ಕ ಅಕ್ಷರದಲ್ಲಿ 'ಆಲ್ ವರ್ಷನ್ಸ್' ಅಂತ ಇರುತ್ತದೆ. ಜಾಸ್ತಿ ಮಂದಿ ಅದನ್ನು ಒತ್ತುವುದೇ ಇಲ್ಲ. ಬರೆದವರು ತಮ್ಮ ವಿಶ್ವವಿದ್ಯಾಲಯದ ಆನ್‌ಲೈನ್ ಭಂಡಾರದಲ್ಲಿ ಹಾಕಿಟ್ಟ ಪ್ರತಿ ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಅದು ಅಚ್ಚಿಗೆ ಹೋಗುವ ಮೊದಲಿನ ಪ್ರತಿ ಆಗಿರಬಹುದು, ಪುಟಸಂಖ್ಯೆ ಬೇರೆ ಇರುತ್ತದೆ, ಜಾಗ್ರತೆ. ಪ್ರತಿ ಪೇಪರಿಗೂ ಅದರದ್ದೇ ಅಂತ ಕೊಡುವ, 10 ಅಂತ ಶುರುವಾಗುವ ಡಿಒಐ ನಂಬರನ್ನು ಮಾತ್ರ ತಪ್ಪದೆ ಬರೆದಿಟ್ಟುಕೋ. ಜರ್ನಲ್ಲಿನ ವೆಬ್‌ಸೈಟ್ ವಿಳಾಸ ಬದಲಾದರೂ ಆ ನಂಬರ್ ಬದಲಾಗುವುದಿಲ್ಲ.

ಈಗ ನಿನ್ನ ವಿಷಯಕ್ಕೇ ಬರುತ್ತೇನೆ. ಕೊಳೆರೋಗದ ಬಗ್ಗೆ ಹತ್ತೇ ಪೇಪರ್ ಸಿಕ್ಕಿತು ಅಂದೆ. ನೀನು ಯಾವ ಹೆಸರಿನಲ್ಲಿ ಹುಡುಕಿದೆ? ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬುಲೆಟಿನ್ ಬರೆದರು. ಅದರ ಹೆಸರಿನಲ್ಲೇ 'ಕೊಳೆರೋಗ' ಅಂತ ಇದೆ. ನಮ್ಮ ತೋಟದ ಮಾತು ವಿಜ್ಞಾನದ ಪುಸ್ತಕದಲ್ಲೂ ಕೂತಿದೆ. ನನಗೆ ಅದು ಇವತ್ತಿಗೂ ಹೆಮ್ಮೆ. ಆದರೆ ಆ ಒಂದೇ ಶಬ್ದ ಹಾಕಿದರೆ ಸಾಲದು. ಒಬ್ಬರು ಅದನ್ನು ಒಂದೇ ಪದವಾಗಿ ಬರೆಯುತ್ತಾರೆ, ಇನ್ನೊಬ್ಬರು ಕೊಳೆ ಬೇರೆ, ರೋಗ ಬೇರೆ ಮಾಡುತ್ತಾರೆ. ಕೇರಳದವರು 'ಮಹಾಳಿ' ಅನ್ನುತ್ತಾರೆ. ಇನ್ನು ಕೆಲವರಿಗೆ ಬರೀ 'ಫ್ರೂಟ್ ರಾಟ್'. ಅಡಿಕೆಯನ್ನೇ ತೆಗೆದುಕೋ. 'ಅರೆಕಾನಟ್' ಅಂತ ಒಟ್ಟಿಗೆ ಬರೆದವರಿದ್ದಾರೆ, 'ಅರೆಕಾ ನಟ್' ಅಂತ ಬಿಡಿಸಿದವರಿದ್ದಾರೆ, 'ಬೀಟಲ್ ನಟ್' ಅಂದವರೂ ಇದ್ದಾರೆ. ರೋಗಾಣುವಿಗೆ ಹಳಬರು 'ಫೈಟಾಫ್ತೊರಾ ಅರೆಕೇ' ಅಂದರು, ಈಚೆಯವರ ಪೇಪರುಗಳಲ್ಲಿ 'ಫೈಟಾಫ್ತೊರಾ ಮೀಡಿಯೈ' ಅಂತ ಕಾಣುತ್ತದೆ. ಹೀಗೆ ಒಂದೊಂದು ಹೆಸರಿಗೂ ಬೇರೆ ಬೇರೆ ಬಾಗಿಲು. ಎಲ್ಲವನ್ನೂ ತಟ್ಟಬೇಕು. ಬರೀ ಕೊಳೆರೋಗ ಅಂತ ಹಾಕಿದರೆ ಕಾಫಿಯ ಕೊಳೆರೋಗವೂ ಬರುತ್ತದೆ, ಅದು ಬೇರೆ ಶಿಲೀಂಧ್ರದ ಬೇರೆಯೇ ರೋಗ. ಅದನ್ನು ಬೇರ್ಪಡಿಸಿಕೋ.

ಹೆಸರಿನ ವಿಷಯಕ್ಕೆ ಇಷ್ಟು ಒತ್ತಿ ಹೇಳಲಿಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ಹಳೆಯ ಲೇಖನವೊಂದನ್ನು ಕೇಳಿಕೊಂಡು ದೂರದಿಂದ ಬಂದಿದ್ದ. ಎರಡು ಬಸ್ಸು ಬದಲಿಸಿ, ಮಳೆಯಲ್ಲಿ ನೆನೆದು ಬಂದವನು. ನಾನು ರಿಜಿಸ್ಟರ್ ನೋಡಿ ಆ ಹೆಸರಿನ ಜರ್ನಲ್ ನಮ್ಮಲ್ಲಿಲ್ಲ ಅಂದೆ. ಅವನು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಹೋದ. ಕೆಲವು ವರ್ಷದ ಮೇಲೆ ಸ್ಟಾಕ್ ಎಣಿಸುವಾಗ ಅದೇ ಸಂಪುಟ ಮೇಲಿನ ಕಪಾಟಿನಲ್ಲಿ ಸಿಕ್ಕಿತು. ಜರ್ನಲ್ ನಡುವೆ ಹೆಸರು ಬದಲಿಸಿತ್ತು. ಬೈಂಡ್ ಮಾಡಿದವರು ಬೆನ್ನಿನ ಮೇಲೆ ಹಳೆಯ ಹೆಸರು ಅಚ್ಚು ಹಾಕಿಸಿದ್ದರು. ಅವನ ಊರು, ವಿಳಾಸ ಒಂದೂ ನಾನು ಬರೆದಿಟ್ಟಿರಲಿಲ್ಲ. ಆ ಚೀಟಿ ಮಡಚಿದ ಕೈ ನನಗೆ ಈಗಲೂ ಕಾಣುತ್ತದೆ. ಅಂದಿನಿಂದ ಯಾರಿಗೂ ಒಂದೇ ಸಲ ನೋಡಿ ಇಲ್ಲ ಅನ್ನಲಿಲ್ಲ.

ಹಾಗಾಗಿ ಲೈಬ್ರರಿಯವರು ಇಲ್ಲ ಅಂದರೂ ಮೆಲ್ಲ ಇನ್ನೊಮ್ಮೆ ಕೇಳು. ಜರ್ನಲ್ಲಿನ ಹೆಸರು ಮೊಟಕಾಗಿದ್ದರೆ ಪೂರ್ತಿ ಹೆಸರು ತಿಳಿದುಕೊಂಡು ಹೋಗು. ಸಂಪುಟ, ಸಂಚಿಕೆ, ವರ್ಷ, ಪುಟ ಎಲ್ಲ ಒಂದು ಹಾಳೆಯಲ್ಲಿ ಬರೆದು ಕೊಡು. ಬೇರೆ ಲೈಬ್ರರಿಯಿಂದ ಸ್ಕ್ಯಾನ್ ತರಿಸಿ ಕೊಡುವ ಕ್ರಮ ಇದೆಯಾ ಅಂತ ವಿಚಾರಿಸು. ಸುಮ್ನೆ ಸಂಕೋಚ ಪಡಬೇಡ, ಕೌಂಟರಿನಲ್ಲಿ ಕೂತವರಿಗೆ ಅಂಥ ಪ್ರಶ್ನೆ ಬಂದರೆ ಖುಷಿಯೇ ಆಗುತ್ತದೆ.

ಮತ್ತೆ ನಮ್ಮ ಕೂಡ್ಲು ಇದೆಯಲ್ಲ, ಸಿಪಿಸಿಆರ್‌ಐ, ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ! ಪೆರಿಯದಿಂದ ಅದೇ ಹೆದ್ದಾರಿಯಲ್ಲಿ ಕಾಸರಗೋಡು ಪೇಟೆ ದಾಟಿದರೆ ಆಯಿತು. 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದ ಜಾಗ. ತೋಟದ ಬೆಳೆಗಳ ಜರ್ನಲ್ 'ಜರ್ನಲ್ ಆಫ್ ಪ್ಲಾಂಟೇಷನ್ ಕ್ರಾಪ್ಸ್' ಹೊರಡಿಸುವ ಸಂಘ ಇರುವುದೂ ಅಲ್ಲೇ. ನಿನ್ನ ಗೈಡಿನ ಹತ್ತಿರ ಒಂದು ಪತ್ರ ಬರೆಸಿಕೊಂಡು ಅಲ್ಲಿಗೆ ಹೋಗಿ ಲೈಬ್ರರಿಯ ಬಗ್ಗೆ ಕೇಳು. ಎದುರಿಗೇ ಇರುವುದನ್ನು ಬಿಟ್ಟು ಡೆಲ್ಲಿಗೆ ಬರೆಯುವುದು ಬೇಡ.

ಅಲ್ಲೂ ಸಿಗದಿದ್ದರೆ ಬರೆದವರಿಗೇ ಇಮೇಲ್ ಮಾಡು. ಅಬ್‌ಸ್ಟ್ರಾಕ್ಟ್ ಇರುವ ಪುಟದಲ್ಲಿ ಸಾಮಾನ್ಯವಾಗಿ ಅವರ ವಿಳಾಸ ಇರುತ್ತದೆ. ನಾಲ್ಕು ಸಾಲು ಸಾಕು. ನೀನು ಯಾರು, ಎಲ್ಲಿ ಓದುವುದು, ಯಾವ ಪೇಪರ್ ಬೇಕು, ಯಾಕೆ ಬೇಕು. ತಮ್ಮ ಕೆಲಸವನ್ನು ಒಬ್ಬರು ಓದುತ್ತಾರೆ ಅಂದರೆ ಯಾರಿಗೆ ಸಂತೋಷವಿಲ್ಲ? ಸಿಕ್ಕಿದ ಮೇಲೆ ಒಂದು ಥ್ಯಾಂಕ್ಸ್ ಬರೆಯಲು ಮರೆಯಬೇಡ.

ಈ ಶನಿವಾರ ಬರುವಾಗ ಸಿಗದ ಪೇಪರುಗಳ ಪಟ್ಟಿ ತಾ. ಅತ್ತೆಗೆ ಕನ್ನಡಕ ಬದಲಾಗಿದೆ, ಚಿಕ್ಕ ಅಕ್ಷರ ಈಗ ಚೆನ್ನಾಗಿ ಕಾಣುತ್ತದೆ. ಊಟ ಆದ ಮೇಲೆ ಚಾವಡಿಯಲ್ಲಿ ಕೂತು ಒಂದೊಂದೇ ನೋಡುವ. ಅಪ್ಪನೂ ಇರುತ್ತಾನೆ, ಎಷ್ಟು ಮರ ಅಂತ ಕೇಳಲಿಕ್ಕೆ.

ನಿನ್ನ ಪ್ರೀತಿಯ
ಅತ್ತೆ