ಯಾರಿಗೆ ಎಂದು ಮಾತ್ರ ನನ್ನನ್ನು ಕೇಳಬೇಡ

ಪ್ರೀತಿಯ ಮಗಳಿಗೆ,

ಸಕಲೇಶಪುರದಿಂದ ಅಮ್ಮನ ಆಶೀರ್ವಾದಗಳು.

ಹದಿನೆಂಟು ತುಂಬಿತು, ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದಾಗ ಸಂತೋಷವಾಯಿತು. ಆಮೇಲೆ, "ಯಾರಿಗೆ ಹಾಕಬೇಕೆಂದು ಫಾದರ್ ಒಂದು ಮಾತು ಹೇಳಿಬಿಟ್ಟರೆ ಸುಲಭವಲ್ಲವೇ ಅಮ್ಮ?" ಎಂದೆಯಲ್ಲ, ಅದಕ್ಕೇ ಈ ಪತ್ರ. ಸುಲಭವೇನೋ ನಿಜ. ಆದರೆ ಫಾದರ್ ಹಾಗೆ ಹೇಳಬಾರದು. ಹೇಳಿದರೂ ನೀನು ಅದನ್ನು ಅಪ್ಪಣೆ ಎಂದು ತಿಳಿಯಬಾರದು.

ಮತ ಹಾಕಬೇಕು ಎನ್ನುವುದರಲ್ಲಿ ಧರ್ಮಸಭೆಗೆ, ಅಂದರೆ ನಮ್ಮ ಕಥೋಲಿಕ ಚರ್ಚಿಗೆ, ಎರಡು ಮಾತಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2240ನೇ ಪರಿಚ್ಛೇದ ತೆಗೆದು ನೋಡು. ತೆರಿಗೆ ಕಟ್ಟುವುದು, ಮತ ಚಲಾಯಿಸುವುದು, ದೇಶವನ್ನು ರಕ್ಷಿಸುವುದು, ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನೈತಿಕ ಹೊಣೆ ಎಂದಿದೆ. ಸರ್ವರ ಹಿತಕ್ಕೆ ನಾವೂ ಬಾಧ್ಯರು ಎನ್ನುವುದೇ ಅದಕ್ಕೆ ಕಾರಣ. ಯಾವ ಪಕ್ಷ, ಯಾವ ಅಭ್ಯರ್ಥಿ ಎಂಬ ಸುಳಿವೂ ಅಲ್ಲಿಲ್ಲ. ಆ ಕೆಲಸ ನಿನ್ನ ಅಂತಃಸಾಕ್ಷಿಯದು. ಫಾದರ್‌ರಂಥ ಗುರುಗಳು ಸರ್ಕಾರದ ಅಧಿಕಾರಸ್ಥಾನ ಹಿಡಿಯದಂತೆ ಧರ್ಮಸಭೆಯ ಕಾನೂನೇ ತಡೆದಿದೆ. ದೇಶದ ಕಾನೂನೂ ಬಿಗಿಯಾಗಿದೆ: 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವನ್ನು ಬಿಟ್ಟು ಮತದಾರರ ಧರ್ಮವನ್ನು ಮುಂದಿಟ್ಟು ಕೇಳಿದರೂ ತಪ್ಪೇ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪು ಕೊಟ್ಟಿತು. ನನಗೆ ಬಹಳ ಹಿಡಿಸಿದ ತೀರ್ಪು ಅದು. "ನೀವು ಕ್ರೈಸ್ತರು, ನಮಗೇ ಹಾಕಿ" ಎನ್ನುವವರು ನಮ್ಮ ತಲೆ ಎಣಿಸುತ್ತಿರುತ್ತಾರೆ, ಅಷ್ಟೇ.

2019ರಲ್ಲಿ ಹಾಸನ ಲೋಕಸಭಾ ಕ್ಷೇತ್ರದ ಮತದಾನ ಏಪ್ರಿಲ್ 18ರಂದು ಬಂದಿತ್ತು. ಅಂದೇ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ. ಇಂಥ ದಿನ ಚುನಾವಣೆಯೇ ಎಂದು ಕೆಲವರು ಬೇಸರಪಟ್ಟರು. ನನಗೆ ಅದಕ್ಕಿಂತ ಒಳ್ಳೆಯ ದಿನ ಸಿಗಲಾರದು ಎನ್ನಿಸಿತ್ತು. ಬೆಳಿಗ್ಗೆ ಸರ್ಕಾರಿ ಶಾಲೆಯ ಜಗುಲಿಯಲ್ಲಿ ಸಾಲು ನಿಂತೆವು. ನನ್ನ ಮುಂದೆ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹೆಂಗಸು, ಹಿಂದೆ ಅದೇ ಎಸ್ಟೇಟಿನ ಸಾಹುಕಾರರು. ಇಬ್ಬರ ಬೆರಳಿಗೂ ಒಂದೇ ಶಾಯಿ. ಸಂಜೆಯ ಪೂಜೆಯಲ್ಲಿ ಗುರುಗಳು ಮೊಣಕಾಲೂರಿ ಹನ್ನೆರಡು ಮಂದಿಯ ಪಾದ ತೊಳೆದರು. ಒಬ್ಬ ಅಜ್ಜನ ಹಿಮ್ಮಡಿಯ ಬಿರುಕುಗಳಲ್ಲಿ ತೋಟದ ಕೆಂಪು ಮಣ್ಣು ಕೂತಿತ್ತು. ಒರೆಸಿದ ಬಿಳಿ ಬಟ್ಟೆಗೂ ಹತ್ತಿತು. ಒಡೆಯನೇ ಬಗ್ಗಿ ಕಾಲು ತೊಳೆಯಬೇಕೆಂದು ಯೇಸುಸ್ವಾಮಿ ತೋರಿಸಿಕೊಟ್ಟ ದಿನವೇ ನಾವು ಆಳುವವರನ್ನು ಆರಿಸಿ ಬಂದಿದ್ದೆವು.

ಅಭ್ಯರ್ಥಿ ನಮ್ಮ ಚರ್ಚಿನ ಕಾಂಪೌಂಡಿಗೆ ಎಷ್ಟು ಕೊಟ್ಟ ಎನ್ನುವುದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಲೈನ್ ಮನೆಗಳಿಗೆ ನೀರು, ಶೌಚಾಲಯ ಬಂತೇ? ಕಾಡಾನೆ ತುಳಿದು ಸತ್ತವರ ಮನೆಗೆ ಪರಿಹಾರ ತಲುಪಿತೇ? ಬೇರೆ ಧರ್ಮದವರ ಮೇಲೆ ಕೈ ಎತ್ತಿದವರನ್ನು ಆತ ತಡೆದನೇ, ಬೆನ್ನು ತಟ್ಟಿದನೇ? ಇದನ್ನು ನೋಡು. ಅವರು ಸಲ್ಲಿಸುವ ಪ್ರಮಾಣಪತ್ರದಲ್ಲಿ ಆಸ್ತಿಯೂ ಇರುತ್ತದೆ, ಕ್ರಿಮಿನಲ್ ಮೊಕದ್ದಮೆಗಳೂ ಇರುತ್ತವೆ, ಓದು. ಎಲ್ಲದರಲ್ಲೂ ಸರಿಯಿರುವವರು ಸಿಗುವುದು ಕಷ್ಟ. ಆಗ ತೂಗಿ ನೋಡಬೇಕು, ಪ್ರಾರ್ಥಿಸಬೇಕು. ಯಾರೂ ಬೇಡವೆನಿಸಿದರೆ 2013ರಿಂದ ನೋಟಾ ಇದೆ, ಅದನ್ನು ಒತ್ತುವ ಮುನ್ನವೂ ಇಷ್ಟೇ ಯೋಚಿಸಬೇಕು. ದುಡ್ಡಿನ ಕವರು ಹಿಡಿದು ಬಂದರೆ ಬಾಗಿಲಲ್ಲೇ ಹಿಂದಕ್ಕೆ ಕಳಿಸು. ತೆಗೆದುಕೊಂಡು ಬೇರೆಯವರಿಗೆ ಹಾಕುವ ಜಾಣತನ ನಮ್ಮ ಮನೆಗೆ ಬೇಡ.

ನಾನೂ ನಿನ್ನ ಅಪ್ಪನೂ ಒಂದೇ ಮತಗಟ್ಟೆಗೆ ಜೊತೆಯಾಗಿ ಹೋಗುತ್ತೇವೆ. ಯಾರಿಗೆ ಎಂದು ಅವರು ಕೇಳಿಲ್ಲ, ನಾನು ಹೇಳಿಲ್ಲ. ನೀನೂ ಕೇಳಬೇಡ. ವಾದ ಮಾಡಬೇಕೆನಿಸಿದರೆ ರಜೆಗೆ ಬಂದಾಗ ಎಷ್ಟು ಬೇಕಾದರೂ ಮಾಡೋಣ.

ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ನಮೂನೆ 6, ತುಂಬುವುದನ್ನು ಮುಂದೂಡಬೇಡ. ವಿಳಾಸ ಹಾಸ್ಟೆಲಿನದೋ ಮನೆಯದೋ ನೀನೇ ತೀರ್ಮಾನಿಸು. ಎರಡೂ ಕಡೆ ಮಾತ್ರ ಹೆಸರು ಬೇಡ. ವಯಸ್ಸಿನ ದಾಖಲೆಗೆ ನಿನ್ನ ಹತ್ತನೇ ತರಗತಿಯ ಅಂಕಪಟ್ಟಿ ಇಲ್ಲೇ ಬೀರುವಿನಲ್ಲಿದೆ, ನಾಳೆ ಫೋಟೊ ತೆಗೆದು ಕಳಿಸುತ್ತೇನೆ.

ಇಂತಿ,
ನಿನ್ನ ಅಮ್ಮ