ಅವಳ ಎದೆಬಡಿತದ ಬಗ್ಗೆ ಕೇಳಿದೆಯಲ್ಲ

ಹಾಸನ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ನೋಡಿದೆ. ಬಸುರಿ ಹೆಂಡತಿಯನ್ನು ತೋರಿಸಿದರೆ ಡಾಕ್ಟರು ನಾರ್ಮಲ್ ಅಂತಾರೆ, ಇವಳು ಮಾತ್ರ ರಾತ್ರಿ ಎದ್ದು ಕೂತು ಎದೆ ಹೊಡ್ಕೋತಿದೆ ಅಂತಾಳೆ, ನಾನೇನು ಮಾಡ್ಲಿ ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಫೋನಿನಲ್ಲಿ ಹೂಂಗುಟ್ಟುವ ರೀತಿ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೂ ಓದಿಸು. ಅವಳನ್ನು ಬಿಟ್ಟು ನಾವಿಬ್ಬರೇ ಅವಳ ಬಗ್ಗೆ ಮಾತಾಡಿಕೊಂಡ ಹಾಗಾಗಬಾರದು.

ಮೊದಲು ನೀನು ಹೇಳು, ಆ ‘ನಾರ್ಮಲ್’ ಏನನ್ನು ನೋಡಿ ಹೇಳಿದ್ದು? ನಾಡಿ ಹಿಡಿದರಾ? ಇಸಿಜಿ ತೆಗೆದರಾ? ರಕ್ತ ಪರೀಕ್ಷೆ ಆಯಿತಾ? ನಾನು ಬಸುರಿಯಾಗಿದ್ದಾಗ ಇದೇ ತೊಂದರೆಗೆ ಮೊದಲು ತೋರಿಸಿದ ಕಡೆ ಸ್ಟೆತಸ್ಕೋಪ್ ಕೂಡ ಕಿವಿಗೆ ಏರಲಿಲ್ಲ. ‘ಚೊಚ್ಚಲು, ಹೀಗೆಲ್ಲ ಇರುತ್ತೆ, ಟೆನ್ಷನ್ ಮಾಡ್ಕೋಬೇಡಿ’ ಅಂದು ಕಳಿಸಿದರು. ಬಹುಪಾಲು ಬಸುರಿಯರ ವಿಷಯದಲ್ಲಿ ಆ ಮಾತು ನಿಜವೂ ಹೌದು. ಆದರೆ ನೋಡದೆ ಹೇಳಿದ ಧೈರ್ಯ ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಕರಗಿಹೋಗುತ್ತೆ ಕಣೋ.

ನನ್ನದು ಯಾವ ಕಾಲ ಅಂತ ನೆನಪಿದೆಯಲ್ಲ? 2025ರ ಜೂನ್. ಹಾಸನದಲ್ಲಿ ಟಿವಿ ಹಾಕಿದರೆ ಹೃದಯಾಘಾತ. ಇಪ್ಪತ್ತು, ಮೂವತ್ತರ ಹುಡುಗರ ಫೋಟೋಗಳು, ಕೆಳಗೆ ದಿನಾ ಏರುವ ಸಾವಿನ ಲೆಕ್ಕ. ಊರಿನ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಸಾಲು ನಿಂತರು. ಅದರ ನಡುವೆ ನಾನು, ಆರು ತಿಂಗಳ ಹೊಟ್ಟೆ ಹೊತ್ತುಕೊಂಡು, ಎದೆ ಧಡಧಡ ಅಂದಾಗೆಲ್ಲ ಮುಂದಿನ ಸುದ್ದಿ ನನ್ನದೇ ಅಂದುಕೊಳ್ಳುತ್ತಿದ್ದೆ. ಜುಲೈನಲ್ಲಿ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ, ಜಿಲ್ಲೆಯಲ್ಲಿ ಅಸಹಜ ಏರಿಕೆಯೇನೂ ಇಲ್ಲ, ಕಾರಣಗಳು ಹಳೆಯವೇ: ಬೀಡಿ ಸಿಗರೇಟು, ಕುಡಿತ, ಬಿಪಿ, ಸಕ್ಕರೆ. ಆದರೆ ಸಾವಿನ ಸುದ್ದಿ ಬಿದ್ದಷ್ಟು ಜೋರಾಗಿ ಈ ವರದಿ ನನ್ನ ಕಿವಿಗೆ ಬೀಳಲಿಲ್ಲ. ನಿನ್ನ ಮಾವನ ಮನೆಯಲ್ಲೂ ಹಾಲ್‌ನಲ್ಲಿ ನ್ಯೂಸ್ ಚಾನೆಲ್ ಓಡುತ್ತಲೇ ಇರುತ್ತೆ ಅಂತ ನೀನೇ ಹೇಳಿದ್ದೆ. ಅದನ್ನು ಆಫ್ ಮಾಡಿಸುವ ಕೆಲಸ ಅಳಿಯನಾಗಿ ನಿನ್ನದು. ಕಷ್ಟವೇ, ಆದರೂ ಮಾಡು.

ಎರಡನೇ ಕಡೆ ಸಿಕ್ಕ ಲೇಡಿ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಎಡಮಗ್ಗುಲಿಗೆ ಮಲಗಿಸಿ ಬಹಳ ಹೊತ್ತು ಎದೆ ಕೇಳಿದರು. ಚಿಕ್ಕವಳಿದ್ದಾಗ ಜ್ವರ ಬಂದು ಕೀಲು ಊದಿಕೊಂಡಿದ್ದವಾ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸುತ್ತಿದ್ದರಾ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ಹೋದವರಿದ್ದಾರಾ ಅಂತ ಕೇಳಿದರು. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗಿರುವುದು ನಮ್ಮ ದೇಶದಲ್ಲಿ ಎಷ್ಟೋ ಹೆಂಗಸರಿಗೆ ಬಸಿರಾದಾಗಲೇ ಮೊದಲು ಗೊತ್ತಾಗುವುದು. ಅಲ್ಲಿಯವರೆಗೆ ಸುಮ್ಮನಿದ್ದ ತೊಂದರೆ ಹೊರೆ ಹೆಚ್ಚಿದಾಗ ತಲೆಯೆತ್ತುತ್ತೆ. ಆಮೇಲೆ ಬಿಪಿ, ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್, ಎಕೋ ಅನ್ನುವ ಹೃದಯದ ಸ್ಕ್ಯಾನ್. ಇಸಿಜಿ ಆಗಲಿ ಎಕೋ ಆಗಲಿ ಹೊಟ್ಟೆಯ ಮಗುವಿಗೆ ಏನೂ ಮಾಡುವುದಿಲ್ಲ, ಎಕ್ಸ್‌ರೇಯಂಥ ವಿಕಿರಣ ಅದರಲ್ಲಿ ಇಲ್ಲ. ಇಸಿಜಿ ತೆಗೆಯುವ ಆ ಅರೆನಿಮಿಷದಲ್ಲಿ ಎದೆ ಸುಮ್ಮನಿದ್ದುಬಿಟ್ಟರೆ 24 ಗಂಟೆ ಮೈಗೆ ಕಟ್ಟಿಕೊಂಡು ಓಡಾಡುವ, ಅಷ್ಟೂ ಹೊತ್ತಿನ ಬಡಿತ ದಾಖಲಿಸುವ ಹೋಲ್ಟರ್ ಅಂತ ಒಂದು ಇದೆ, ಅದನ್ನು ಕೇಳು.

ಬಸುರಿಯ ಎದೆ ಯಾಕೆ ಹೊಡೆದುಕೊಳ್ಳುತ್ತೆ ಅನ್ನೋದನ್ನು ಅವರು ಹೇಳಿದ ಮೇಲೆಯೇ ನನಗೆ ಅರ್ಧ ಭಯ ಇಳಿದದ್ದು. ಏಳೆಂಟು ತಿಂಗಳ ಹೊತ್ತಿಗೆ ಮೈಯಲ್ಲಿರುವ ರಕ್ತವೇ ಸುಮಾರು ಶೇಕಡಾ 40ರಿಂದ 50ರಷ್ಟು ಹೆಚ್ಚಿರುತ್ತೆ. ಒಂದೇ ಮೋಟಾರಿನಲ್ಲಿ ಎರಡು ತೋಟಕ್ಕೆ ನೀರು ಹಾಯಿಸಿದ ಹಾಗೆ. ಹಾಗಾಗಿ ನಾಡಿ ನಿಮಿಷಕ್ಕೆ 10ರಿಂದ 20 ಬಡಿತ ಜಾಸ್ತಿಯಾಗುವುದು ಸಹಜ. ಮೊದಲು 75 ಇದ್ದವಳಿಗೆ ಈಗ 90 ಇದ್ದರೆ ಅದು ರೋಗವಲ್ಲ.

ಇನ್ನೊಂದು ಇದೆ, ಅವಳು ಬಹುಶಃ ನಿನಗೆ ಹೇಳಿರುವುದಿಲ್ಲ. ಎದೆ ಒಂದು ಕ್ಷಣ ನಿಂತೇಹೋಯಿತು, ಆಮೇಲೆ ಧಡ್ ಅಂತ ಒದ್ದಿತು ಅನ್ನಿಸುವುದು. ನನಗೆ ಅತಿ ಹೆದರಿಕೆಯಾಗುತ್ತಿದ್ದದ್ದು ಇದಕ್ಕೇ. ನಿಜಕ್ಕೂ ಆಗುವುದು ಏನೆಂದರೆ, ಒಂದು ಬಡಿತ ತನ್ನ ಸರದಿಗೆ ಮುಂಚೆಯೇ ಬಂದುಬಿಡುತ್ತೆ, ಅದು ಚಿಕ್ಕದು, ಗೊತ್ತೇ ಆಗುವುದಿಲ್ಲ. ಅದರ ಹಿಂದೆ ತುಸು ಬಿಡುವು. ಆ ಬಿಡುವಿನಲ್ಲಿ ಹೃದಯ ಹೆಚ್ಚು ರಕ್ತ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಜೋರಾಗಿ ಬೀಳುತ್ತೆ. ಹೃದಯದ ರಚನೆ ಚೆನ್ನಾಗಿದೆ ಅಂತ ಖಚಿತವಾದರೆ ಇಂಥ ಬಡಿತಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಇದನ್ನು ಅವಳಿಗೆ ಹಗಲು ಹೊತ್ತಿನಲ್ಲಿ ವಿವರಿಸು. ರಾತ್ರಿ ಎರಡು ಗಂಟೆಗೆ ಯಾರ ತಲೆಗೂ ಪಾಠ ಹತ್ತುವುದಿಲ್ಲ.

ನನ್ನ ಹೃದಯ ಗಟ್ಟಿಯಾಗಿಯೇ ಇತ್ತು. ಹಿಮೋಗ್ಲೋಬಿನ್ ಮಾತ್ರ 9ರ ಹತ್ತಿರ. ಬಸುರಿಯರಿಗೆ 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಅಂತ ಲೆಕ್ಕ; ರಕ್ತ ತೆಳುವಾದಷ್ಟೂ ಅಷ್ಟೇ ಆಮ್ಲಜನಕ ಸಾಗಿಸಲು ಹೃದಯ ಹೆಚ್ಚು ಸಲ ಬಡಿಯಬೇಕು. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟ ಕಬ್ಬಿಣದ ಮಾತ್ರೆ ಡಬ್ಬಿಯಲ್ಲಿ ಇತ್ತು, ನುಂಗುತ್ತಲೂ ಇದ್ದೆ, ಆದರೆ ಬೆಳಿಗ್ಗೆ ಕಾಫಿಯ ಜೊತೆಗೆ. ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬಾರದು, ಬೇರೆ ಹೊತ್ತಿಗೆ. ನಿಂಬೆ ಶರಬತ್ತಿನ ಜೊತೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ನುಗ್ಗೆಸೊಪ್ಪಿನ ಸಾರು, ಮುದ್ದೆ ಎಲ್ಲ ತಿನ್ನಲಿ, ಆದರೆ ಸೊಪ್ಪು ತಿಂದೇ ರಕ್ತ ಏರಿಸುತ್ತೇನೆ, ಮಾತ್ರೆ ಬೇಡ ಅನ್ನುವ ಅತ್ತೆಯಂದಿರ ಮಾತು ಕೇಳಬೇಡಿ. ಅಷ್ಟು ಕಡಿಮೆಯಾದ ಮೇಲೆ ಸೊಪ್ಪು ಒಂದೇ ಸಾಲದು.

ಕಾಫಿಯ ವಿಷಯಕ್ಕೆ ಬರೋಣ. ಸಕಲೇಶಪುರದ ತೋಟದ ಮನೆಯಲ್ಲಿ ಕಾಫಿ ಬೇಡ ಅನ್ನುವುದು ಎಂಥ ಅಪರಾಧ ಅಂತ ನನಗೂ ಗೊತ್ತು. ಪೂರ್ತಿ ಬಿಡಬೇಕಾಗಿಲ್ಲ. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಅನ್ನುವುದು ಸಾಮಾನ್ಯ ಸಲಹೆ. ಅದರಲ್ಲಿ ಟೀ, ಕೋಲಾ, ಚಾಕೊಲೇಟೂ ಸೇರಿತು. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತೆ, ಚಿಕೋರಿಯಲ್ಲಿ ಇರುವುದೇ ಇಲ್ಲ. ತೋಟದವರು ಮೂಗು ಮುರಿಯುವ ಚಿಕೋರಿ ಪುಡಿ ನನ್ನ ಪಾಲಿಗೆ ಆಗ ಬಹಳ ಒದಗಿತು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಕೆಫೀನ್ ಮೈಯಿಂದ ಹೊರಹೋಗುವುದು ತುಂಬ ನಿಧಾನ, ಮಾಮೂಲಿಗಿಂತ ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತೆ. ಸಂಜೆ ನಾಲ್ಕರ ಲೋಟ ರಾತ್ರಿ ಹನ್ನೆರಡಕ್ಕೂ ಎದೆಯ ಮೇಲೆ ಕೂತಿರುತ್ತೆ. ಹಾಗೆಯೇ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೆಗಡಿ ಮಾತ್ರೆ. ಮೂಗು ಬಿಡಿಸುವ ಔಷಧಿಗಳಲ್ಲಿ ಕೆಲವು ಎದೆಬಡಿತ ಏರಿಸುತ್ತವೆ. ಡಾಕ್ಟರನ್ನು ಕೇಳದೆ ಬೇಡ.

ಅಂಗಾತ ಮಲಗುತ್ತಾಳಾ? ಐದು ತಿಂಗಳ ನಂತರ ಹಾಗೆ ಮಲಗಿದರೆ ಗರ್ಭದ ಭಾರ ಬೆನ್ನಿನ ಹತ್ತಿರದ ದೊಡ್ಡ ರಕ್ತನಾಳದ ಮೇಲೆ ಬಿದ್ದು, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಲೆ ಸುತ್ತು, ಎದೆ ಓಟ ಎರಡೂ ಶುರುವಾಗುತ್ತೆ. ಎಡಮಗ್ಗುಲು ಒಳ್ಳೆಯದು, ಬೆನ್ನಿಗೆ ಒಂದು ದಿಂಬು ಕೊಡು. ನಿದ್ದೆಯಲ್ಲಿ ಹೊರಳಿದರೆ ಗಾಬರಿ ಬೇಡ, ಎಚ್ಚರವಾದಾಗ ತಿರುಗಿದರೆ ಸಾಕು.

ಈಗ ಮನಸ್ಸಿನ ಮಾತು. ರಿಪೋರ್ಟು ಕೈಯಲ್ಲಿದ್ದರೂ ನನ್ನ ಹೆದರಿಕೆ ಹೋಗಲಿಲ್ಲ, ಇದನ್ನು ನೀನು ಅರ್ಥ ಮಾಡಿಕೊಳ್ಳಬೇಕು. ಒಂದು ದಿನ ಸಕಲೇಶಪುರದಿಂದ ಬಸ್ಸಿನಲ್ಲಿ ಬರುವಾಗ ಬಾಳ್ಳುಪೇಟೆ ಹತ್ತಿರ ಶುರುವಾಯಿತು ನೋಡು. ಎದೆ ಬಡಿತ, ಬೆವರು, ಉಸಿರು ಸಾಲದು ಅನ್ನಿಸಿ ಜೋರಾಗಿ ಎಳೆದುಕೊಂಡೆ, ಬೆರಳ ತುದಿ ಜುಂ ಅಂದವು, ಇನ್ನು ಮುಗಿಯಿತು ಅಂದುಕೊಂಡೆ. ಬೆರಳು ಜುಂ ಅನ್ನುವುದಕ್ಕೆ ಕಾರಣ ಆ ಜೋರು ಉಸಿರೇ. ಹೆಚ್ಚು ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಹಾಗಾಗುತ್ತೆ. ಅದನ್ನೇ ಲಕ್ವ ಅಂದುಕೊಂಡು ಇನ್ನಷ್ಟು ಹೆದರುತ್ತೇವೆ. ಹೀಗೆ ಇದ್ದಕ್ಕಿದ್ದಂತೆ ಏರುವ ಗಾಬರಿಗೆ ಪ್ಯಾನಿಕ್ ಅಂತಾರೆ, ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತೆ. ಅಲ್ಲಿಯವರೆಗೆ ಮಾಡಬೇಕಾದ್ದು ಇಷ್ಟೇ: ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡುವುದು, ಕಣ್ಣಿಗೆ ಬಿದ್ದದ್ದನ್ನು ಹೆಸರು ಹಿಡಿದು ಹೇಳಿಕೊಳ್ಳುವುದು. ನಾನು ಕಿಟಕಿಯಿಂದ ಅಂಗಡಿ ಬೋರ್ಡುಗಳನ್ನು ಓದಿಕೊಂಡು ಬಂದೆ. ಗೊಬ್ಬರದಂಗಡಿ, ಬೇಕರಿ, ಮತ್ತೆ ಬೇಕರಿ. ಹಾಸನ ಜಿಲ್ಲೆಯಲ್ಲಿ ಬೇಕರಿಗೆ ಬರವಿಲ್ಲ ಬಿಡು.

ಕೈಗೆ ಕಟ್ಟಿಕೊಂಡ ಸ್ಮಾರ್ಟ್ ವಾಚನ್ನು ಬೀರುವಿಗೆ ಹಾಕಿಸಿ ಬೀಗ ಹಾಕು. ಹೆದರಿ ನೋಡಿದರೆ ಸಂಖ್ಯೆ ಏರಿರುತ್ತೆ, ಏರಿದ್ದು ನೋಡಿ ಇನ್ನಷ್ಟು ಏರುತ್ತೆ. ಬದಲಿಗೆ ಒಂದು ಚೀಟಿಯಲ್ಲಿ ಬರೆದಿಡಲಿ: ಯಾವಾಗ ಬಂತು, ಎಷ್ಟು ಹೊತ್ತು, ಮುಂಚೆ ಏನು ತಿಂದಿದ್ದಳು, ಎದ್ದಿದ್ದಳಾ ಮಲಗಿದ್ದಳಾ. ಡಾಕ್ಟರಿಗೆ ಬೇಕಾಗಿರುವುದು ಆ ಚೀಟಿ.

‘ಬಸುರಿ ಹೆದರಬಾರದು, ಮಗು ಅಂಜುಬುರುಕ ಆಗುತ್ತೆ’ ಅಂತ ನನಗೆ ಹೇಳಿದವರಿಗೆ ಲೆಕ್ಕವಿಲ್ಲ. ಹೆದರಿಕೆಯ ಮೇಲೆ ಹೆದರಿಕೊಂಡೆನಲ್ಲ ಅನ್ನುವ ಪಾಪಪ್ರಜ್ಞೆ ಬೇರೆ. ಒಂದು ಗಳಿಗೆಯ ಗಾಬರಿಯಿಂದ ಮಗುವಿಗೆ ಏನೂ ಆಗುವುದಿಲ್ಲ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಒಬ್ಬಳೇ ಇರಲಾರೆ ಅನ್ನುವ ಸ್ಥಿತಿ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಧೈರ್ಯ ಹೇಳಿದರೆ ಆಗದು. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. 2022ರಲ್ಲಿ ಶುರುವಾದದ್ದು, ದಿನದ 24 ಗಂಟೆಯೂ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿನ ತೊಂದರೆಗೇ ಪ್ರತ್ಯೇಕ ವಿಭಾಗವಿದೆ. ಮಾತಿನ ಚಿಕಿತ್ಸೆಯಲ್ಲೇ ಎಷ್ಟೋ ಜನಕ್ಕೆ ಹಗುರವಾಗುತ್ತೆ. ಬೇಕಾದರೆ ಬಸಿರಿನಲ್ಲೂ ಕೊಡಬಹುದಾದ ಔಷಧಿಗಳಿವೆ. ಮೊದಲಿನಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸಿರು ಅಂತ ಗೊತ್ತಾದ ಕೂಡಲೇ ತಾವಾಗಿ ನಿಲ್ಲಿಸಬಾರದು.

ಇಷ್ಟೆಲ್ಲ ಸಮಾಧಾನ ಹೇಳಿದ ಮೇಲೆ ಸಮಾಧಾನಪಡಬಾರದ ಹೊತ್ತನ್ನೂ ಹೇಳಬೇಕು. ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ, ಸುಮ್ಮನೆ ಕೂತಾಗಲೂ ಉಸಿರು ಸಿಗದಿದ್ದರೆ, ದಿಂಬು ಏರಿಸದೆ ಮಲಗಲು ಆಗದಿದ್ದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ವಿಶ್ರಾಂತಿಯಲ್ಲೂ ಬಡಿತ 120ರ ಆಚೆಗೇ ನಿಂತುಬಿಟ್ಟರೆ 108ಕ್ಕೆ ಫೋನ್ ಮಾಡು. ಒಂದೇ ಕಾಲು ಊದಿ ನೋವಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆ. ಮಳೆಗಾಲದಲ್ಲಿ ತೋಟದ ಮನೆಯಿಂದ ಟೌನಿಗೆ ಬರಲು ಎಷ್ಟು ಹೊತ್ತಾಗುತ್ತೆ ಅಂತ ಈಗಲೇ ಲೆಕ್ಕ ಹಾಕಿಡು, ತಾಯಿ ಕಾರ್ಡು ಚೀಲದಲ್ಲೇ ಇರಲಿ.

ಹೆರಿಗೆಯಾದ ಮೇಲೂ ಇದು ತಟ್ಟನೆ ನಿಲ್ಲುವುದಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಹಾಲೂಡಿಸುವವಳಿಗೆ ನೀರು ಕಡಿಮೆಯಾದರೆ ಎದೆ ಹೊಡೆದುಕೊಳ್ಳದೆ ಇನ್ನೇನು? ಬಾಯಾರಿದಷ್ಟು ಕೊಡಿ ಅಂತ ನಿನ್ನ ಅತ್ತೆಗೆ ನೀನು ಹೇಳಿದರೆ ಕೇಳಿಯಾರು, ಅವಳು ಹೇಳಿದರೆ ಕೇಳುವುದಿಲ್ಲ. ಅನ್ಯಾಯ, ಆದರೆ ನಿಜ. ಹೆರಿಗೆಯಾದ ವಾರಗಳಲ್ಲಿ ಉಸಿರುಕಟ್ಟುವುದು, ಕಾಲು ಊದುವುದು ಹೆಚ್ಚುತ್ತಾ ಹೋದರೆ ‘ಬಾಣಂತಿ ನಂಜು’ ಅಂತ ಮನೆಯಲ್ಲಿ ಕೂರಿಸಬೇಡಿ, ಹೃದಯ ತೋರಿಸಿ.

‘ನಾನೇನು ಮಾಡ್ಲಿ’ ಅಂತ ನೀನು ಕೇಳಿದ್ದೆ. ‘ಏನೂ ಆಗಲ್ಲ ಬಿಡು’ ಅನ್ನುವುದನ್ನು ಬಿಡು. ನನ್ನ ಗಂಡ ಅದನ್ನು ಹೇಳಿದಾಗೆಲ್ಲ ನನಗೆ ಕೇಳಿಸುತ್ತಿದ್ದದ್ದು ‘ನನಗೆ ನಿದ್ದೆ ಬರ್ತಿದೆ’ ಅಂತ. ಎದ್ದು ಕೂರು, ‘ಈಗ ಹೇಗಿದೆ’ ಅಂತ ಕೇಳು, ಅವಳ ಜೊತೆ ನಿಧಾನಕ್ಕೆ ಉಸಿರು ಬಿಡು. ಮುಂದಿನ ತಿಂಗಳ ಚೆಕಪ್ಪಿಗೆ ರಜೆ ಹಾಕಿ ನೀನೂ ಒಳಗೆ ಹೋಗು, ಹೊರಗೆ ಮೊಬೈಲ್ ನೋಡುತ್ತಾ ಕೂರಬೇಡ. ಆ ಚೀಟಿ ಕೊಟ್ಟು, ಇಸಿಜಿ ಮತ್ತು ರಕ್ತ ಪರೀಕ್ಷೆ ಬರೆಸಿಕೋ.

ನಮ್ಮಮ್ಮ ಅಮಟೆಕಾಯಿ ಉಪ್ಪಿನಕಾಯಿ ಹಾಕಿದ್ದಾಳೆ, ನಿನ್ನ ಹೆಂಡತಿಗೆ ಹುಳಿಯ ಬಯಕೆ ಇದೆ ಅಂತ ಕೇಳಿ ಒಂದು ಭರಣಿ ತೆಗೆದಿಟ್ಟಿದ್ದಾಳೆ. ಚೆಕಪ್ಪಿಗೆ ಹಾಸನಕ್ಕೆ ಬಂದಾಗ ಮನೆಗೆ ಬಂದು ತಗೊಂಡು ಹೋಗಿ. ಅಮ್ಮ ಉಪ್ಪು ಧಾರಾಳವಾಗಿ ಹಾಕಿದ್ದಾಳೆ, ನಿನ್ನ ಹೆಂಡತಿ ಬಿಪಿ ಎಷ್ಟಿದೆ ಅಂತ ನೋಡಿಸಿಕೊಂಡು ಆಮೇಲೆ ತಿನ್ನಲಿ.

ಇಂತಿ ನಿನ್ನ ಗೆಳತಿ