ಮಳೆಗಾಲ ದಾಟಿದ ನಮ್ಮ ಶೆಡ್ಡು: ಕೈಜೋಡಿಸಿದವರಿಗೆ ಕೃತಜ್ಞತೆಗಳು

ಸಾಗರ ತಾಲ್ಲೂಕಿನ ನಮ್ಮ ಮನೆಯ ಪಡುವಣ ಮಗ್ಗುಲಿನಲ್ಲಿ ಕಳೆದ ಬೇಸಿಗೆಯಲ್ಲಿ ಕಟ್ಟಿಸಿದ ವಾಹನದ ಶೆಡ್ಡು ತನ್ನ ಮೊದಲ ಮಳೆಗಾಲವನ್ನು ಯಾವ ತೊಂದರೆಯೂ ಇಲ್ಲದೆ ದಾಟಿದೆ. 20 ಅಡಿ ಉದ್ದ, 18 ಅಡಿ ಅಗಲ, 5 ಇಂಚು ದಪ್ಪದ ಕಾಂಕ್ರೀಟ್ ನೆಲ, ಅದರ ಮೇಲೆ ಕಬ್ಬಿಣದ ಕಂಬ, ಟ್ರಸ್ಸು, ಬಣ್ಣದ ತಗಡಿನ ಹೊದಿಕೆ, ಮುಂದುಗಡೆ ರೋಲಿಂಗ್ ಶಟರ್. ಇಷ್ಟೇ ಅದರ ವೈಭವ. ಜೀಪು, ಟಿಲ್ಲರ್, ಅಡಿಕೆ ಸುಲಿಯುವ ಯಂತ್ರ ಮೂರೂ ಆಷಾಢದ ಗಾಳಿಮಳೆಯಲ್ಲಿ ಒಣಗಿಯೇ ಇದ್ದವು. ನೋಡಲು ಬಂದವರೆಲ್ಲ ತಲೆಯೆತ್ತಿ ನೀಲಿ ತಗಡನ್ನು ಹೊಗಳಿ ಹೋಗುತ್ತಾರೆ. ಆದರೆ ಹೊಗಳಿಕೆ ಸಲ್ಲಬೇಕಾದ ಕೆಲಸದ ಬಹುಪಾಲು ಈಗ ಯಾರ ಕಣ್ಣಿಗೂ ಬೀಳದಂತೆ ನೆಲದಡಿ ಸೇರಿಹೋಗಿರುವುದರಿಂದ, ಅದನ್ನು ಮಾಡಿದವರನ್ನು ಇಲ್ಲಿ ನೆನೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲ ನಮಸ್ಕಾರ ಕೆಳಗಿನ ಮನೆಯ ದೊಡ್ಡಪ್ಪನವರಿಗೆ. ಜಾಗ ಮಟ್ಟ ಮಾಡಿಸುವ ಹೊತ್ತಿಗೆ ಕೋಲೂರಿಕೊಂಡು ಬಂದ ಅವರು, ಹಿಂದಿನ ಧರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಮಳೆಗಾಲದ ಒರತೆ ಏಳುವ ಕಡೆಯನ್ನು ಆ ಕೋಲಿನ ತುದಿಯಿಂದಲೇ ಗೆರೆ ಎಳೆದು ತೋರಿಸಿ, “ಇಲ್ಲಿ ಕಾಲುವೆ ತೆಗೆಯದೆ ಒಂದು ಬುಟ್ಟಿ ಸಿಮೆಂಟೂ ಹಾಕಬೇಡ, ಮಾರಾಯ” ಎಂದರು. ಬದುಕಿಡೀ ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಸಿದವರ ಮಾತನ್ನು ಮೀರುವಂತಿರಲಿಲ್ಲ. ಧರೆಯ ಬುಡದುದ್ದಕ್ಕೂ 2 ಅಡಿ ಆಳದ ಕಾಲುವೆ ತೋಡಿ, 40 ಎಂಎಂ ಜಲ್ಲಿ ತುಂಬಿ, ನೀರನ್ನು ಕೆಳಗಿನ ಹಳ್ಳಕ್ಕೆ ತಿರುಗಿಸಿದೆವು. ಜುಲೈ ತಿಂಗಳಲ್ಲಿ ಅದು ಹಗಲು ರಾತ್ರಿ ಹರಿಯಿತು. ಆ ನೀರೆಲ್ಲ ಕಾಂಕ್ರೀಟಿನ ಅಡಿಗೆ ನುಗ್ಗಿದ್ದರೆ ಮಣ್ಣು ಮೆತ್ತಗಾಗಿ, ಚಕ್ರದ ಭಾರ ಬೀಳುವ ಕಡೆ ನೆಲ ಕುಸಿಯುವುದು ಖಂಡಿತವಾಗಿತ್ತು.

ಮುಯ್ಯಾಳಿಗೆ, ಅಂದರೆ ಕೂಲಿಯ ಬದಲು ಕೆಲಸಕ್ಕೆ ಕೆಲಸ ತೀರಿಸುವ ಲೆಕ್ಕದಲ್ಲಿ, ಬಂದ ಊರಿನ ಹುಡುಗರು ತಗ್ಗಿನ ಕಡೆಗೆ ತುಂಬಿದ ಮಣ್ಣನ್ನು ಆರಾರು ಇಂಚಿನ ಪದರವಾಗಿ ಹರಡಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಮ್ಮಸ್ಸು ಹಾಕಿ ಬಡಿದು ಗಟ್ಟಿ ಮಾಡಿದರು. ಎಲ್ಲ ಮಣ್ಣನ್ನೂ ಒಮ್ಮೆಲೇ ಸುರಿದು ಮೇಲೆ ಜೆಸಿಬಿ ಓಡಿಸಿದರೆ ಸಾಕು ಎನ್ನುವವರು ಇದ್ದಾರೆ; ಹಾಗೆ ಮಾಡಿದಲ್ಲಿ ಮೇಲ್ಭಾಗ ಮಾತ್ರ ಬಿಗಿದು ಒಳಗೆಲ್ಲ ಪೊಳ್ಳು ಉಳಿಯುತ್ತದೆ. ಅತ್ಯಂತ ಬೇಸರದ, ಯಾರೂ ಹೆಸರು ಹೇಳದ ಈ ಕೆಲಸವನ್ನು ನಗುನಗುತ್ತಾ ಮಾಡಿದ ಅವರೆಲ್ಲರಿಗೂ ನಾನು ಋಣಿ.

ಇನ್ನು ಮೇಸ್ತ್ರಿಗಳ ವಿಷಯ. ಅವರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ನಮ್ಮ ರಸ್ತೆಗೆ ದೊಡ್ಡ ಮಿಕ್ಸರ್ ಲಾರಿ ಬರುವಂತಿಲ್ಲವಾದ್ದರಿಂದ ಕಾಂಕ್ರೀಟನ್ನು ಇಲ್ಲಿಯೇ ಕಲಸಬೇಕಿತ್ತು. ಬುಟ್ಟಿ ಲೆಕ್ಕದಲ್ಲಿ ಅಂದಾಜಿಗೆ ಸುರಿಯುವ ರೂಢಿಯನ್ನು ಅವರು ಒಪ್ಪಲಿಲ್ಲ. ಒಂದು ಚೀಲ ಸಿಮೆಂಟಿನ ಗಾತ್ರಕ್ಕೆ ಸರಿಯಾಗಿ, ಒಂದೂಕಾಲು ಘನ ಅಡಿಯ ಫರ್ಮಾ ಪೆಟ್ಟಿಗೆಯನ್ನು ಹಲಗೆಯಿಂದ ಮಾಡಿಕೊಂಡು, ಚೀಲವೊಂದಕ್ಕೆ ಒಂದೂವರೆ ಪೆಟ್ಟಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), ಮೂರು ಪೆಟ್ಟಿಗೆ 20 ಎಂಎಂ ಜಲ್ಲಿ ಎಂದು ಕೊನೆಯ ಚೀಲದವರೆಗೂ ಅಳೆದೇ ಹಾಕಿಸಿದರು. ಕಾಂಕ್ರೀಟ್ ಬಿಗಿಯಾಗಿದೆ, ಎಳೆಯಲು ಕಷ್ಟ, ಇನ್ನೊಂದು ಕೊಡ ನೀರು ಬಿಡಿ ಎಂಬ ಕೂಗು ಮಧ್ಯಾಹ್ನದ ಬಿಸಿಲಿಗೆ ಏಳುವುದು ಸಹಜ. ಅವರು ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರನ್ನು ತಾವೇ ಕೈಗೆ ತೆಗೆದುಕೊಂಡರೇ ಹೊರತು ಹೆಚ್ಚಿನ ನೀರಿಗೆ ಒಪ್ಪಿಗೆ ಕೊಡಲಿಲ್ಲ. ಹೆಚ್ಚಾಗಿ ಬೆರೆಸಿದ ನೀರು ಆರಿಹೋಗುವಾಗ ಒಳಗೆ ಸಣ್ಣ ರಂಧ್ರಗಳನ್ನು ಬಿಟ್ಟು ಹೋಗುತ್ತದೆ, ನೆಲ ಕುಗ್ಗಿ ಬಿರುಕು ಬಿಡುತ್ತದೆ ಎಂಬುದನ್ನು ಪುಸ್ತಕ ಓದಿದವರು ಹೇಳಬಲ್ಲರು. ಸುಸ್ತಾದ ಆಳುಗಳ ಮುಂದೆ ನಿಂತು ಅದನ್ನು ಪಾಲಿಸಿ ತೋರಿಸುವುದು ಬೇರೆಯೇ ಮಾತು.

ಮಣ್ಣಿನ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆ, 8 ಎಂಎಂ ಕಂಬಿಯ ಜಾಲರಿ ನೆಲಕ್ಕೆ ಒರಗಿ ವ್ಯರ್ಥವಾಗದಂತೆ ಅದನ್ನು ಮೇಲಿನ ಅರ್ಧದಲ್ಲಿ ಎತ್ತಿ ಹಿಡಿದ ಬಾಗಿಸಿದ ಕಂಬಿಯ ಕುರ್ಚಿಗಳು, ಬಾಗಿಲ ಕಡೆಗೆ 10 ಅಡಿಗೆ ಒಂದೂಕಾಲು ಇಂಚಿನಂತೆ ಕೊಟ್ಟ ವಾಟ (ಇಳಿಜಾರು), ಇವೆಲ್ಲವೂ ಅವರವೇ. ಮೇಲಕ್ಕೆ ಬಂದ ನೀರು ಪೂರ್ತಿ ಇಂಗುವವರೆಗೆ ಕರಣೆ ಮುಟ್ಟದೆ ಕಾದು ಕುಳಿತರು. ಒಣ ಸಿಮೆಂಟ್ ಚೆಲ್ಲಿ ಬೇಗ ಮುಗಿಸುವ ಉಪಾಯ ಅವರಿಗೆ ತಿಳಿಯದ್ದೇನಲ್ಲ. ಕೊನೆಗೆ ಕಡ್ಡಿ ಪೊರಕೆಯನ್ನು ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆದು ಚಕ್ರ ಜಾರದಂತೆ ಸಣ್ಣ ಗೆರೆ ಮೂಡಿಸಿದರು. ಮರುದಿನ ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಸೀಳು ಕೊಯ್ದು, ಬಿರುಕು ಬರುವುದಿದ್ದರೂ ಆ ಗೆರೆಯಲ್ಲಿಯೇ ಬರುವಂತೆ ಮಾಡಿದರು. ಮಳೆಗಾಲ ಮುಗಿದ ಮೇಲೆ ನಾನು ಮೂಲೆಮೂಲೆ ನೋಡಿದ್ದೇನೆ. ಆ ಸೀಳಿನಾಚೆ ಒಂದು ಕೂದಲೆಳೆಯ ಬಿರುಕೂ ಇಲ್ಲ.

ಕಾಂಕ್ರೀಟ್ ಹೊತ್ತವರು ಬಾಗಲಕೋಟೆ ಕಡೆಯಿಂದ ಬಂದ ತಂಡದವರು, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೆಂಗಸರು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಬಾಂಡ್ಲಿ, ಕಾಲ ಕೆಳಗೆ ಅಲುಗುವ ಹಲಗೆ; ಕಂಬಿಯ ಜಾಲರಿಯನ್ನು ತುಳಿದು ತಗ್ಗಿಸದಂತೆ ಆ ಹಲಗೆಯ ಮೇಲೆಯೇ ನಡೆದರು. ಅಂದು ಎಲ್ಲರಿಗೂ ಒಂದೇ ಕೂಲಿ ಕೊಡಿಸಿದವರು ಮೇಸ್ತ್ರಿಗಳು. ಗಂಡಾಳು, ಹೆಣ್ಣಾಳು ಎಂದು ಕೂಲಿಯಲ್ಲಿ ಭೇದ ಮಾಡುವ ಪದ್ಧತಿ ನಮ್ಮ ಸೀಮೆಯಲ್ಲಿ ಇನ್ನೂ ಹೋಗಿಲ್ಲವೆಂಬುದನ್ನು ಹೇಳದೆ ಬರಿಯ ಧನ್ಯವಾದ ಬರೆದರೆ ಅದು ಅರ್ಧ ಸತ್ಯವಾದೀತು. ಆ ತಾಯಂದಿರಿಗೆ ನನ್ನ ವಂದನೆಗಳು.

ವೆಲ್ಡಿಂಗ್ ಕೆಲಸದ ತಮ್ಮನ ಜಾಣ್ಮೆ ಕಾಂಕ್ರೀಟಿಗೆ ಮೊದಲೇ ಆರಂಭವಾಗಿತ್ತು. ಕಂಬದ ಬುಡದ ಕಬ್ಬಿಣದ ಹಲಗೆಯ (ಬೇಸ್ ಪ್ಲೇಟ್) ಅಳತೆಗೆ ತೂತು ಕೊರೆದ ತಗಡಿನ ಅಚ್ಚುಗಳನ್ನು ತಂದು, ಪ್ರತಿ ಗುಂಡಿಯಲ್ಲಿ ನಾಲ್ಕು ಬೋಲ್ಟುಗಳನ್ನು ಅವುಗಳಿಂದ ಬಿಗಿದು ನಿಲ್ಲಿಸಿದನು. ಬೋಲ್ಟಿನ ಸುರುಳಿ ಗೆರೆಗಳ ತುಂಬ ಗ್ರೀಸ್ ಹಚ್ಚಿ ಹಳೆಯ ಬಟ್ಟೆ ಸುತ್ತಿದ್ದರಿಂದ ಸಿಮೆಂಟ್ ಹಾಲು ಅಂಟಲಿಲ್ಲ, ಕಂಬ ನಿಲ್ಲಿಸಿದ ದಿನ ನಟ್ಟುಗಳು ಬೆರಳಿನಲ್ಲಿಯೇ ತಿರುಗಿದವು. ಕಂಬದ ಅಡಿಯ ಕಾಂಕ್ರೀಟ್ ಪೀಠ ಬೇರೆ, ನೆಲ ಬೇರೆಯಾಗಿ ಅಲುಗಾಡಲು ಎಡೆ ಇರಲಿ ಎಂದು ನಡುವೆ ಥರ್ಮೋಕೋಲಿನ ಪಟ್ಟಿ ಇಡಿಸಿದವನೂ ಅವನೇ. ತಗಡುಗಳನ್ನು ಮೂಡಣ ತುದಿಯಿಂದ ಹೊದಿಸುತ್ತಾ ಬಂದದ್ದರಿಂದ ಪಡುವಣ ಗಾಳಿಗೆ ಜೋಡಣೆಯ ಬಾಯಿ ಎದುರಾಗಲಿಲ್ಲ. ಸ್ಕ್ರೂವಿನ ಅಡಿಯ ರಬ್ಬರ್ ವಾಷರ್ ತುಸು ಉಬ್ಬಿದೊಡನೆ ಯಂತ್ರ ನಿಲ್ಲಿಸಬೇಕು, ಜಜ್ಜಿಹೋದರೆ ಅಲ್ಲಿಯೇ ಸೋರುತ್ತದೆ ಎಂದು ಸಹಾಯಕ ಹುಡುಗನಿಗೆ ಅವನು ಹೇಳಿಕೊಡುತ್ತಿದ್ದುದನ್ನು ಕೇಳಿದ್ದೇನೆ. ಆ ಹುಡುಗ ದಿನವೂ ಸಂಜೆ ಇಳಿಯುವ ಮುನ್ನ ತಗಡಿನ ಮೇಲೆ ಬಿದ್ದ ಕಬ್ಬಿಣದ ಪುಡಿಯನ್ನು ಗುಡಿಸಿ ಇಳಿಯುತ್ತಿದ್ದನು. ಆ ಪುಡಿ ಇಬ್ಬನಿಗೆ ತುಕ್ಕು ಹಿಡಿದು ಬಣ್ಣವನ್ನು ತಿನ್ನುತ್ತದೆಯಂತೆ. ಇಂದು ತಗಡು ಹೊಳೆಯುತ್ತಿದ್ದರೆ ಆ ಪೊರಕೆಯ ಪಾಲು ಅದರಲ್ಲಿದೆ.

ನೀರು ಕಟ್ಟಿ ನೆಲವನ್ನು ಹದ ಮಾಡಿದವರು ಅಮ್ಮ ಮತ್ತು ನನ್ನ ಹೆಂಡತಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ನಾವು ಬಳಸಿದ ಪಿಪಿಸಿ (ಪೊಜೊಲಾನಾ ಬೆರೆತ) ಸಿಮೆಂಟಿಗೆ ಕನಿಷ್ಠ 10 ದಿನ, ಬಿಸಿಲ ಕಾಲದಲ್ಲಿ 14 ದಿನದವರೆಗೆ ತೇವ ಆರದಂತೆ ನೋಡಿಕೊಳ್ಳುವುದು ಒಳ್ಳೆಯದೆಂದು ಎಂಜಿನಿಯರ್ ಭಾವ ದೂರವಾಣಿಯಲ್ಲಿ ಹೇಳಿದ್ದರು. ಹೇಳುವುದು ಸುಲಭ, ಮಾರ್ಚ್ ತಿಂಗಳಲ್ಲಿ ಬಾವಿ ತಳ ಕಂಡಿತ್ತು. ಸುತ್ತಲೂ ಜೇಡಿಮಣ್ಣಿನ ಕಟ್ಟೆ ಕಟ್ಟಿದರೂ ವಾಟವಿದ್ದ ನೆಲವಾದ್ದರಿಂದ ನೀರು ಬಾಗಿಲ ಕಡೆಗೇ ನಿಲ್ಲುತ್ತಿತ್ತು. ಮೇಲಿನ ಅರ್ಧಕ್ಕೆ ಗೋಣಿಚೀಲ, ಭತ್ತದ ಹುಲ್ಲು ಹೊದಿಸಿ ಅವರು ಹೊತ್ತುಹೊತ್ತಿಗೆ ನೆನೆಸಿದರು. ತಮ್ಮ ತೋಟದ ಸರದಿಯನ್ನು ಹಿಂದಕ್ಕೆ ಹಾಕಿ ಬೋರಿನ ನೀರನ್ನು ರಾತ್ರಿಯ ಹೊತ್ತು ನಮ್ಮ ಕಡೆಗೆ ತಿರುಗಿಸಿದ ಪಕ್ಕದ ಮನೆಯ ಅಣ್ಣ ಅತ್ತಿಗೆಯರ ಉಪಕಾರವನ್ನು ಬೇಸಿಗೆಯ ತೋಟದ ಕಷ್ಟ ಬಲ್ಲವರು ಮಾತ್ರ ಅಳೆಯಬಲ್ಲರು.

ಅಡಿಕೆ ಮಾರಿ ಹಣ ಕೈಸೇರುವವರೆಗೆ ಕಾದ ಹಾರ್ಡ್‌ವೇರ್ ಅಂಗಡಿಯವರಿಗೆ, ಏರಿನಲ್ಲಿ ಜಲ್ಲಿ ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದ ಚಾಲಕರಿಗೆ, ಎಲ್ಲರಿಗೂ ಮಜ್ಜಿಗೆ ಒದಗಿಸಿದ ಮೇಲಿನ ಕೇರಿಯ ಅಕ್ಕನಿಗೆ ಪ್ರತ್ಯೇಕ ವಂದನೆಗಳು.

ನವರಾತ್ರಿ ಕಳೆದ ಕೂಡಲೇ ದೊಡ್ಡಪ್ಪನವರ ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳಕ್ಕೆ ಕಾಂಕ್ರೀಟ್ ಹಾಕುವವರಿದ್ದಾರೆ. ಅಡಿಕೆ ಗೊನೆಗಳ ಕೊಯ್ಲಿಗೆ ಮೊದಲೇ ಅದು ಮುಗಿಯಬೇಕು. ನಮ್ಮ ಮನೆಯಿಂದ ಮುಯ್ಯಾಳಿಗೆ ನಾನೂ ತಮ್ಮನೂ ಬರುತ್ತೇವೆ. ಅಂಚಿನ ಹಲಗೆಗಳು, ಲೆವೆಲ್ ಪೈಪು, ದಮ್ಮಸ್ಸು ಎಲ್ಲವನ್ನೂ ಶೆಡ್ಡಿನ ಅಟ್ಟದ ಮೇಲೆ ಇಟ್ಟಿದ್ದೇನೆ, ಬೀಗದ ಕೈ ಅಮ್ಮನ ಹತ್ತಿರ ಇರುತ್ತದೆ. ಊರಿನಲ್ಲಿ ಯಾರಿಗೆ ಬೇಕಾದರೂ ಒಯ್ಯಬಹುದು. ಫರ್ಮಾ ಪೆಟ್ಟಿಗೆಯನ್ನು ಮಾತ್ರ ಕೆಲಸ ಮುಗಿದ ದಿನವೇ ತೊಳೆದು ತಂದಿಡಬೇಕಾಗಿ ವಿನಂತಿ.